ಕಾಯಂ ಎಂಬ ಮಾತಿನ ಚರಿತ್ರೆ

ನಲವತ್ತು ದಾಟಿದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಇವತ್ತು ಬೆಂಗಳೂರಿನಲ್ಲಿ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹತ್ತು ಹನ್ನೆರಡು ವರ್ಷ ದುಡಿದ ಕಂಪನಿಯಲ್ಲೇ ಉಳಿದು ಸಂಬಳ ನಿಧಾನವಾಗಿ ಏರುವುದನ್ನು ಕಾಯುವುದೋ, ಪೇಪರ್ ಹಾಕಿ ಬೇರೆ ಕಡೆ ಹೋಗಿ ದೊಡ್ಡ ಹೈಕ್ ಪಡೆಯುವುದೋ? ಮನೆ ಸಾಲದ ಕಂತು ಇನ್ನೂ ಹದಿನೈದು ವರ್ಷ ಇದೆ, ಮಕ್ಕಳು ಹೈಸ್ಕೂಲಿನಲ್ಲಿದ್ದಾರೆ, ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಈ ಲೆಕ್ಕ ಹಾಕುವವರೆಲ್ಲ ಒಂದು ಮಾತನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ: ಭದ್ರತೆ ಬೇಕಾದರೆ ಬೆಳವಣಿಗೆಯನ್ನು ಬಿಡಬೇಕು, ಬೆಳವಣಿಗೆ ಬೇಕಾದರೆ ಭದ್ರತೆಯನ್ನು ಬಿಡಬೇಕು. ಈ ಊರಿನ ಕಳೆದ ಎಂಬತ್ತು ಚಿಲ್ಲರೆ ವರ್ಷಗಳ ಕಾರ್ಖಾನೆ ಚರಿತ್ರೆಯ ಎದುರು ಆ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಬೆಂಗಳೂರಿನಲ್ಲಿ ಭದ್ರತೆಯೂ ಬೆಳವಣಿಗೆಯೂ ಒಂದೇ ಬೇರಿನಿಂದ ಚಿಗುರಿದವು. ಬೇರು ಒಣಗಿದಾಗ ಎರಡೂ ಒಟ್ಟಿಗೇ ಒಣಗಿದವು. ಅದರ ಪೆಟ್ಟು ಬಿದ್ದದ್ದು ಹೆಚ್ಚಾಗಿ ನಡುವಯಸ್ಸಿನವರ ಮೇಲೆ.

ಕಥೆ ಶುರುವಾಗುವುದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ವಿಮಾನ ಕಾರ್ಖಾನೆ ಕಟ್ಟಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. 1948ರಲ್ಲಿ ಟೆಲಿಫೋನ್ ತಯಾರಿಸಲು ಐಟಿಐ ಬಂತು, ಅದರ ಸುತ್ತ ದೂರವಾಣಿನಗರ ಎಂಬ ಹೊಸ ಊರೇ ಎದ್ದಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್, 1964ರಲ್ಲಿ ಬಿಇಎಂಎಲ್. ಈ ಗೇಟುಗಳ ಒಳಗೆ ಬಳಕೆಯಾದ ಒಂದು ಪದ ಇಡೀ ಊರಿನ ಮಧ್ಯಮ ವರ್ಗದ ಬದುಕನ್ನು ರೂಪಿಸಿತು: ಕಾಯಂ. ಪ್ರೊಬೇಷನ್ ಮುಗಿದು ಕಾಯಂ ಆದವನಿಗೆ ಪಿಎಫ್, ಫ್ಯಾಕ್ಟರಿ ಬಸ್ಸು, ಅಗ್ಗದ ಕ್ಯಾಂಟೀನ್ ಊಟ, ಆಸ್ಪತ್ರೆ, ಅದೃಷ್ಟವಿದ್ದರೆ ಕ್ವಾರ್ಟರ್ಸ್. ಹೆಣ್ಣು ಕೊಡುವವರು ವಿಚಾರಿಸುತ್ತಿದ್ದದ್ದು ಸಂಬಳವನ್ನಲ್ಲ, ಯಾವ ಫ್ಯಾಕ್ಟರಿ ಎಂಬುದನ್ನು. ಆದರೆ ಕಾಯಂ ಅಂದರೆ ಇದ್ದಲ್ಲೇ ಇರುವುದು ಎಂದು ಇವತ್ತು ತಿಳಿಯುವುದು ತಪ್ಪು. ಆ ಗೇಟುಗಳೊಳಗೆ ಬಡ್ತಿಯ ಏಣಿ ಇತ್ತು. ಕೈಗಾರಿಕಾ ತರಬೇತಿ ಸಂಸ್ಥೆಯ ಸರ್ಟಿಫಿಕೇಟ್ ಹಿಡಿದು ಅಪ್ರೆಂಟಿಸ್ ಆಗಿ ಬಂದ ಹುಡುಗ ಫಿಟ್ಟರ್ ಆಗಿ, ಚಾರ್ಜ್‌ಮನ್ ಆಗಿ, ಸಂಜೆ ಕಾಲೇಜಿನಲ್ಲಿ ಓದಿ ಸೂಪರ್‌ವೈಸರ್ ಆಗುವ ದಾರಿ ಇತ್ತು. ಅಪ್ಪ ಬೇಸಾಯಗಾರ, ಮಗ ಮೆಷಿನ್ ಶಾಪ್‌ನಲ್ಲಿ, ಮೊಮ್ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ: ಈ ಮೂರು ತಲೆಮಾರಿನ ಏರಿಕೆಯನ್ನು ಸಾಧ್ಯ ಮಾಡಿದ್ದು ಅದೇ ಕಾಯಂ ಕೆಲಸ. ಅಲ್ಲಿ ಭದ್ರತೆಯೇ ಬೆಳವಣಿಗೆಯ ನೆಲ.

ಆ ಭದ್ರತೆ ಎಷ್ಟು ಗಟ್ಟಿ ಎಂದು ಜನ ನಂಬಿದ್ದರು ಎಂಬುದಕ್ಕೆ ಸಾಕ್ಷಿ 1980ರ ಡಿಸೆಂಬರ್ 26ರಂದು ಶುರುವಾದ ಮುಷ್ಕರ. ಬೆಂಗಳೂರಿನ ಐದು ದೊಡ್ಡ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರು, 77 ದಿನ ಹೊರಗೇ ಉಳಿದರು. ಸ್ವತಂತ್ರ ಭಾರತದ ಕಾರ್ಮಿಕ ಚರಿತ್ರೆಯಲ್ಲಿ ಇದು ದೊಡ್ಡ ಅಧ್ಯಾಯ. ಅವರ ಮುಖ್ಯ ಬೇಡಿಕೆ, ಇನ್ನೊಂದು ಸಾರ್ವಜನಿಕ ಉದ್ದಿಮೆಯಾದ ಬಿಎಚ್‌ಇಎಲ್‌ನ ಕಾರ್ಮಿಕರಿಗೆ ಸಿಗುವಷ್ಟು ಸಂಬಳ ತಮಗೂ ಸಿಗಬೇಕು ಎಂಬುದು. ಬೇಡಿಕೆ ಪೂರ್ತಿ ಈಡೇರದೆ ಮಾರ್ಚ್‌ನಲ್ಲಿ ಜನ ಕೆಲಸಕ್ಕೆ ಮರಳಿದರು. ಗೆಲುವು ಸೋಲಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಏನನ್ನು ಕೇಳಲಿಲ್ಲ ಎಂಬ ವಿಷಯ. ಕೆಲಸ ಉಳಿಸಿ ಎಂದು ಅವರು ಕೇಳಲಿಲ್ಲ, ಕೆಲಸ ಹೋಗಬಹುದು ಎಂಬ ಯೋಚನೆಯೇ ಆ ಹೋರಾಟದ ಕೇಂದ್ರದಲ್ಲಿ ಇರಲಿಲ್ಲ. ಜಗಳವೆಲ್ಲ ಸಂಬಳದ ದರದ ಬಗ್ಗೆ. ಅದೇ ಹೊತ್ತಿಗೆ ಅವರ ಕೈಕೆಳಗಿನ ಯಂತ್ರಗಳು ಬದಲಾಗಲು ಶುರುವಾಗಿದ್ದವು.

ಐಟಿಐಯ ಶಾಪ್ ಫ್ಲೋರ್ ಒಳಗೆ ಹೋಗಿ ನೋಡೋಣ. ಅಲ್ಲಿ ಮೊದಲು ತಯಾರಾಗುತ್ತಿದ್ದದ್ದು ಬ್ರಿಟಿಷ್ ಕಂಪನಿಯಿಂದ ಕಲಿತ ಸ್ಟ್ರೌಜರ್ ಎಕ್ಸ್‌ಚೇಂಜ್. ಅದರ ಜೀವಾಳ ಸೆಲೆಕ್ಟರ್ ಎಂಬ ಭಾಗ. ನಾವು ಒಂದು ಅಂಕಿ ತಿರುಗಿಸಿದರೆ ಆ ಸೆಲೆಕ್ಟರ್‌ನ ಕಂಬಿ ಟಕ ಟಕ ಎಂದು ಅಷ್ಟು ಮೆಟ್ಟಿಲು ಮೇಲಕ್ಕೆ ಹತ್ತುತ್ತದೆ, ಆಮೇಲೆ ಅಡ್ಡಕ್ಕೆ ತಿರುಗಿ ಸರಿಯಾದ ಸಂಪರ್ಕ ಹುಡುಕುತ್ತದೆ. ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ ಹತ್ತು ಸಂಪರ್ಕ. ಇದನ್ನು ನಡೆಸುವ ರಿಲೇಗಳಲ್ಲಿ ತೆಳ್ಳನೆಯ ಲೋಹದ ಪಟ್ಟಿಗಳ ಸಾಲು ಇರುತ್ತದೆ. ಪ್ರತಿ ಪಟ್ಟಿಯ ಬಿಗಿ ಇಷ್ಟೇ ಗ್ರಾಂ, ಎರಡರ ನಡುವಿನ ಸಂದು ಇಷ್ಟೇ ಎಂದು ಅಳೆದು, ಚಿಕ್ಕ ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ ಹೊಂದಿಸಬೇಕು. ಬಗ್ಗಿಸುವುದು ಸ್ವಲ್ಪ ಹೆಚ್ಚಾದರೆ ಕರೆ ತಪ್ಪು ಮನೆಗೆ ಹೋಗುತ್ತದೆ. ವರ್ಷಗಟ್ಟಲೆ ಕೂತು ಕಲಿತ ಬೆರಳಿಗೆ ಮಾತ್ರ ಬರುವ ವಿದ್ಯೆ ಅದು. ಹದಿನೆಂಟು ಇಪ್ಪತ್ತು ವರ್ಷ ಅನುಭವವಿದ್ದ ಕೈಗೆ ಶಾಪ್‌ನಲ್ಲಿ ಮರ್ಯಾದೆ ಇತ್ತು, ಯಾಕೆಂದರೆ ಹಳೆಯ ಕೈಯಷ್ಟು ಚೊಕ್ಕವಾಗಿ ಹೊಸ ಕೈ ಮಾಡಲಾರದು. 1960ರ ದಶಕದಲ್ಲಿ ಬೆಲ್ಜಿಯಂ ಕಂಪನಿಯ ನೆರವಿನಿಂದ ಕ್ರಾಸ್‌ಬಾರ್ ಬಂತು. ಅದೂ ರಿಲೇಗಳ ಲೋಕವೇ, ಹೊಂದಿಸುವ ಕೈ ಅಲ್ಲೂ ಬೇಕಿತ್ತು. ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್. ಅದರಲ್ಲಿ ಮೇಲೆ ಹತ್ತುವ ಕಂಬಿಯೂ ಇಲ್ಲ, ಬಗ್ಗಿಸುವ ಪಟ್ಟಿಯೂ ಇಲ್ಲ. ಸರ್ಕ್ಯೂಟ್ ಬೋರ್ಡ್ ಜೋಡಿಸಿ ಪರೀಕ್ಷಿಸಲು ಹಿಂದೆ ಬೇಕಿದ್ದ ಜನರ ಒಂದು ಸಣ್ಣ ಪಾಲು ಸಾಕಾಯಿತು. ಇಪ್ಪತ್ತು ವರ್ಷದ ಬೆರಳಿನ ವಿದ್ಯೆಗೆ ಬೆಲೆಯೇ ಇಲ್ಲವಾಯಿತು.

ಹೊಸ ವಿದ್ಯೆ ಕಲಿತಿದ್ದರೆ ಆಗುತ್ತಿತ್ತಲ್ಲ ಎಂದು ಕೇಳುವವರಿಗೆ ಐಟಿಐಯ ಚರಿತ್ರೆಯೇ ಉತ್ತರ ಕೊಡುತ್ತದೆ. 1980ರ ದಶಕದಲ್ಲಿ ಫ್ರೆಂಚ್ ತಂತ್ರಜ್ಞಾನದ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸಲು ಸರ್ಕಾರ ಕಟ್ಟಿದ ಮೊದಲ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಉತ್ತರ ಪ್ರದೇಶದ ಗೊಂಡಾ ಜಿಲ್ಲೆಯ ಮನಕಾಪುರಕ್ಕೆ ಹೋಯಿತು. ಟೆಲಿಫೋನ್ ತಯಾರಿಕೆಯಲ್ಲಿ ಮೂರು ದಶಕ ಪಳಗಿದ ಜನ ದೂರವಾಣಿನಗರದಲ್ಲಿದ್ದರು, ಹೊಸ ತಂತ್ರ ಮೊದಲು ಇಳಿದದ್ದು ಅಲ್ಲಿಂದ ಎರಡು ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ. ಜೊತೆಗೆ 1984ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಸ್ಥಾಪನೆಯಾಗಿ, ದೇಶದಲ್ಲೇ ವಿನ್ಯಾಸಗೊಂಡ ಸಣ್ಣ ಎಕ್ಸ್‌ಚೇಂಜ್‌ಗಳು ನಮ್ಮ ಕಿತ್ತೂರಿನಂಥ ಊರುಗಳಿಂದ ಹಿಡಿದು ಎಲ್ಲೆಡೆ ಬಂದವು. ಅದು ದೇಶಕ್ಕೆ ಒಳ್ಳೆಯದೇ ಆಯಿತು. ಆದರೆ ಆ ತಂತ್ರವನ್ನು ಖಾಸಗಿ ತಯಾರಕರಿಗೂ ಕೊಡಲಾಯಿತು, 1991ರ ನಂತರ ವಿದೇಶಿ ಕಂಪನಿಗಳೂ ಬಂದವು. ಐಟಿಐಗೆ ಇದ್ದ ಹೆಚ್ಚುಕಡಿಮೆ ಒಬ್ಬನೇ ಗಿರಾಕಿ ಸರ್ಕಾರದ ಟೆಲಿಫೋನ್ ಇಲಾಖೆ. ಆ ಗಿರಾಕಿ ಬೇರೆ ಅಂಗಡಿಗಳಿಗೂ ಹೋಗತೊಡಗಿದಾಗ ಐಟಿಐಯ ನೆಲ ಕುಸಿಯಿತು. ಬೆಂಚಿನ ಮೇಲೆ ರಿಲೇ ಹಿಡಿದು ಕೂತಿದ್ದ ನಲವತ್ತೈದರ ಕಾರ್ಮಿಕನ ಸೋಮಾರಿತನದಿಂದ ಇದು ಆಗಲಿಲ್ಲ. ಯಾವ ತಂತ್ರ ಎಲ್ಲಿಗೆ ಹೋಗಬೇಕು ಎಂದು ದೆಹಲಿಯಲ್ಲಿ ನಿರ್ಧಾರವಾದಾಗ ಅವನನ್ನು ಯಾರೂ ಕೇಳಿರಲಿಲ್ಲ.

ಎಚ್‌ಎಂಟಿ ವಾಚಿನದು ಇನ್ನೂ ನೋವಿನ ಕಥೆ, ಯಾಕೆಂದರೆ ಅದನ್ನು ಕಟ್ಟದ ಕೈಯೇ ಇರಲಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚ್ ತಯಾರಿಕೆ ಆಮೇಲೆ ತುಮಕೂರಿಗೂ ಹಬ್ಬಿತು. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ, ನಿವೃತ್ತನಾಗುವ ಮೇಷ್ಟರಿಗೆ ಕೊಡುತ್ತಿದ್ದದ್ದು ಎಚ್‌ಎಂಟಿ. ಕೀ ಕೊಡುವ ಆ ವಾಚಿನ ಒಳಗೆ ಒಂದು ಪುಟ್ಟ ಚಕ್ರ ಗಂಟೆಗೆ ಹದಿನೆಂಟು ಸಾವಿರದಿಂದ ಇಪ್ಪತ್ತೊಂದು ಸಾವಿರದ ಆರುನೂರು ಸಲ ಅತ್ತಿತ್ತ ಓಲಾಡುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದರ ಸ್ಪ್ರಿಂಗನ್ನು ಕೂರಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳು ಬಹಳ ಜನ. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಯಾರೂ ಹೊಂದಿಸಬೇಕಾಗಿಲ್ಲ. ಈ ಕ್ವಾರ್ಟ್ಜ್ ಎಚ್‌ಎಂಟಿಗೆ ಗೊತ್ತಿಲ್ಲದ್ದೇನಲ್ಲ, ಟೈಟಾನ್‌ಗಿಂತ ಮೊದಲೇ ಅದು ಕ್ವಾರ್ಟ್ಜ್ ವಾಚ್ ಮಾಡಿತ್ತು. ಆದರೆ ಅದರ ಬಂಡವಾಳ, ಯಂತ್ರ, ಜನ, ಅಭಿಮಾನ ಎಲ್ಲವೂ ಕೀ ಕೊಡುವ ವಾಚಿನಲ್ಲೇ ಇದ್ದವು. ಹೊಸೂರಿನಲ್ಲಿ ಕಾರ್ಖಾನೆ ಹಾಕಿದ ಟೈಟಾನ್ 1987ರಲ್ಲಿ ಮಾರುಕಟ್ಟೆಗೆ ಬಂದಾಗ ಕ್ವಾರ್ಟ್ಜನ್ನೇ ನಂಬಿತ್ತು. ಎಚ್‌ಎಂಟಿಯಲ್ಲಿ ಪಳಗಿದ ಕೆಲವರು ಅದನ್ನು ಕಟ್ಟಲು ಹೋದರು. ಹೋದವರು ಬೆಳೆದರು, ಉಳಿದವರು ಮುಳುಗಿದರು ಎಂದು ಇಲ್ಲಿಗೇ ತೀರ್ಪು ಕೊಡುವುದು ಸುಲಭ. ಆ ತೀರ್ಪು ಅನ್ಯಾಯದ್ದು. ಹೊಸೂರಿಗೆ ಕರೆ ಬಂದದ್ದು ಬೆರಳೆಣಿಕೆಯ ಜನಕ್ಕೆ. ಅಸೆಂಬ್ಲಿ ಸಾಲಿನಲ್ಲಿ ಕೂತಿದ್ದ ತುಮಕೂರಿನ ನಡುವಯಸ್ಸಿನ ಹೆಂಗಸಿಗೆ ಯಾರೂ ಕರೆ ಕಳಿಸಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಾಗ, ಸ್ವಯಂ ನಿವೃತ್ತಿಯ ಲೆಕ್ಕವನ್ನು 2007ರ ವೇತನ ಶ್ರೇಣಿಯನ್ನು ಕಾಗದದ ಮೇಲೆ ಊಹಿಸಿಕೊಂಡು ಹಾಕಲಾಯಿತು. ಅಲ್ಲಿಯವರೆಗೂ ಆ ನೌಕರರು ಅದಕ್ಕಿಂತ ಹಳೆಯ ಶ್ರೇಣಿಯಲ್ಲೇ ಸಂಬಳ ಎಣಿಸಿಕೊಳ್ಳುತ್ತಿದ್ದರು. ಕಾಯಂ ಕೆಲಸ ಇತ್ತು, ಆದರೆ ಸಂಬಳದ ಕಾಲ ನಿಂತುಹೋಗಿತ್ತು. ಬೆಳವಣಿಗೆ ನಿಂತ ಮೇಲೆ ಭದ್ರತೆ ಹೀಗೆ ಒಳಗಿಂದ ಟೊಳ್ಳಾಗುತ್ತದೆ.

ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್, ಸಾರ್ವಜನಿಕ ಉದ್ದಿಮೆಗಳಿಗೆ ಬಂದದ್ದು 1988ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1986ರಲ್ಲಿ, ಸರೋಜಿನಿ ಮಹಿಷಿ ಸಮಿತಿ ತನ್ನ 58 ಶಿಫಾರಸುಗಳ ವರದಿ ಕೊಟ್ಟಿತ್ತು. ಕೇಂದ್ರದ ಉದ್ದಿಮೆಗಳಲ್ಲಿ ಕನ್ನಡಿಗರಿಗೆ ಕೆಲಸ ಸಿಗಬೇಕು ಎಂಬುದು ಅದರ ತಿರುಳು. ಆ ಬೇಡಿಕೆ ನ್ಯಾಯವಾದದ್ದು, ಅದರ ಹಿಂದೆ ದಶಕಗಳ ಹೋರಾಟ ಇತ್ತು. ಆದರೆ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮನಸ್ಸಿಗೆ ಸಂಕಟವಾಗುತ್ತದೆ. ಗೇಟಿನೊಳಗೆ ಬಿಡಿ ಎಂದು ನಾವು ಕೇಳಿ ಬರೆಸಿಕೊಂಡ ಹೊತ್ತಿಗೇ, ಒಳಗಿದ್ದವರನ್ನು ಹೊರಗೆ ಕಳಿಸುವ ಯೋಜನೆಯೂ ತಯಾರಾಗುತ್ತಿತ್ತು.

ಸಾರ್ವಜನಿಕ ಉದ್ದಿಮೆಗಳ ಭದ್ರತೆ ಸರ್ಕಾರ ಕಟ್ಟಿದ ಗೋಡೆಯ ಹಿಂದಿನ ಭದ್ರತೆ, ತೆರಿಗೆ ಕಟ್ಟುವವರ ದುಡ್ಡಿನ ಮೇಲೆ ನಿಂತದ್ದು ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳಿದೆ. ಆಮದಿನ ಮೇಲೆ ಕಟ್ಟುಪಾಡು ಇಲ್ಲದಿದ್ದರೆ, ಗಿರಾಕಿಗೆ ಬೇರೆ ದಾರಿ ಇದ್ದಿದ್ದರೆ, ಆ ಕಾರ್ಖಾನೆಗಳು ಅಷ್ಟು ಜನರನ್ನು ಅಷ್ಟು ಕಾಲ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಇದನ್ನು ಒಪ್ಪಿದ ಮೇಲೆ ಅದೇ ಅಳತೆಗೋಲನ್ನು ಐಟಿ ಉದ್ಯಮಕ್ಕೂ ಹಿಡಿಯಬೇಕು. ಅದು ಗೋಡೆಯಿಲ್ಲದ ಬಯಲಿನಲ್ಲಿ ಸ್ವಂತ ಬಲದಿಂದ ಬೆಳೆಯಿತು ಎಂಬ ನಂಬಿಕೆ ಇದೆ. ಎಲೆಕ್ಟ್ರಾನಿಕ್ ಸಿಟಿಯ ಜಾಗವನ್ನು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 1970ರ ದಶಕದ ಕೊನೆಯಲ್ಲಿ ಗುರುತಿಸಿ ಕಟ್ಟಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್, ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸಲು ಸಾಧ್ಯವಾದದ್ದು ಸರ್ಕಾರ ಒಪ್ಪಿಗೆ ಕೊಟ್ಟದ್ದರಿಂದ. 1991ರಲ್ಲಿ ಬಂದ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್‌ಗಳ ಯೋಜನೆಯಲ್ಲಿದ್ದ ಕಂಪನಿಗಳಿಗೆ ರಫ್ತಿನ ಲಾಭದ ಮೇಲಿನ ತೆರಿಗೆ ರಿಯಾಯಿತಿ 2011ರ ಮಾರ್ಚ್‌ವರೆಗೂ ನಡೆಯಿತು. ಎಂಜಿನಿಯರ್‌ಗಳನ್ನು ತಯಾರು ಮಾಡಿದ್ದರಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಪಾಲು ದೊಡ್ಡದು. ಎಚ್‌ಎಎಲ್, ಬಿಇಎಲ್, ಇಸ್ರೋಗಳಿಂದಾಗಿಯೇ ಈ ಊರು ಎಂಜಿನಿಯರ್‌ಗಳ ಊರಾಗಿತ್ತು. ಅಂದರೆ ಬೆಳವಣಿಗೆಯ ಕಾಲವೂ ನೀತಿಯ ಊರುಗೋಲಿನ ಮೇಲೇ ನಡೆಯಿತು. ಹಳೆಯ ಗೋಡೆಗೆ ಒಬ್ಬನೇ ಗಿರಾಕಿ ಆಧಾರ, ಹೊಸದಕ್ಕೆ ಅಮೆರಿಕದ ಗಿರಾಕಿ, ಡಾಲರ್ ದರ, ವೀಸಾ.

ಐಟಿ ಉದ್ಯಮ ಹೊಸದಾಗಿ ತಂದದ್ದು ಬೇರೆ. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಕೊಟ್ಟಿತು. ಗುಮಾಸ್ತರ ಮಕ್ಕಳು ಮೂವತ್ತೈದರೊಳಗೆ ಮನೆ ಕಟ್ಟಿದರು. ಬಿಇಎಲ್‌ನಲ್ಲಿ ಇಪ್ಪತ್ತು ವರ್ಷ ದುಡಿದ ಅಪ್ಪನ ಸಂಬಳವನ್ನು ಮಗಳು ಮೂರನೇ ವರ್ಷದಲ್ಲೇ ದಾಟುವುದು ಜಯನಗರ, ಮಲ್ಲೇಶ್ವರಗಳಲ್ಲಿ ಸಾಮಾನ್ಯವಾಯಿತು. ಕಾಯಂ ಎಂಬ ಮಾತು ಮನೆಗಳಿಂದ ಮೆಲ್ಲನೆ ಮಾಯವಾಯಿತು. ಅದು ಬೇಕೆಂದು ಯಾರಿಗೂ ಅನಿಸಲಿಲ್ಲ, ಯಾಕೆಂದರೆ ಒಂದು ಬಾಗಿಲು ಮುಚ್ಚಿದರೆ ಪಕ್ಕದಲ್ಲೇ ಮೂರು ತೆರೆದಿದ್ದವು. ಭದ್ರತೆ ಬೇಡ, ಬೆಳವಣಿಗೆ ಸಾಕು ಎಂಬ ನಮ್ಮ ಕಾಲದ ಲೆಕ್ಕ ಹುಟ್ಟಿದ್ದು ಅಲ್ಲಿ. ಆ ತಲೆಮಾರಿಗೆ ಆಗ ಇಪ್ಪತ್ತೈದು. ಬಾಗಿಲುಗಳು ತೆರೆದಿರುವುದೇ ಇಪ್ಪತ್ತೈದರ ಭದ್ರತೆ. ಅದೇ ಬಾಗಿಲುಗಳು ನಲವತ್ತೈದಕ್ಕೆ ಯಾಕೆ ತೆರೆಯುವುದಿಲ್ಲ ಎಂಬುದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ, ಆ ಉದ್ಯಮದ ಲೆಕ್ಕಾಚಾರ. ಸೇವಾ ಕಂಪನಿಗಳು ಬಹುಕಾಲ ಮಾರಿದ್ದು ಮನುಷ್ಯನ ಗಂಟೆಗಳನ್ನು. ಗಿರಾಕಿ ಗಂಟೆಗೆ ಕೊಡುವ ದರ ವರ್ಷ ವರ್ಷ ಏರುವುದಿಲ್ಲ, ನೌಕರನ ಸಂಬಳ ಏರುತ್ತದೆ. ಅದಕ್ಕೇ ಕೆಳಗೆ ಹೊಸಬರು ಬಹಳ, ಮೇಲೆ ಅನುಭವಿಗಳು ಕಡಿಮೆ ಎಂಬ ಪಿರಮಿಡ್ಡು ಬೇಕಾಗುತ್ತದೆ. ಸ್ಟ್ರೌಜರ್ ಶಾಪ್‌ನಲ್ಲಿ ವರ್ಷ ಕಳೆದಷ್ಟೂ ಕೈಗೆ ಬೆಲೆ ಏರುತ್ತಿತ್ತು. ಈ ಪಿರಮಿಡ್ಡಿನಲ್ಲಿ ವರ್ಷ ಕಳೆದಷ್ಟೂ ಮೇಲಿನ ಜಾಗ ಕಿರಿದಾಗುತ್ತದೆ, ಮೇಲೆ ಹತ್ತದವನು ಖರ್ಚು ಎನಿಸಿಕೊಳ್ಳುತ್ತಾನೆ. ಬೆಳವಣಿಗೆಯ ಈ ಏಣಿಯಲ್ಲಿ ನಡುವೆ ನಿಲ್ಲಲು ಮೆಟ್ಟಿಲಿಲ್ಲ.

ಬೆಂಚ್ ಎಂಬ ಪದವನ್ನು ನೋಡಿ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಸಂಬಳ ಪಡೆಯುತ್ತಾ ಕಾಯುವ ಕಾಲ ಅದು. ಹೊಸದನ್ನು ಕಲಿಯಲು ಐಟಿ ಉದ್ಯಮ ತನ್ನ ನೌಕರನಿಗೆ ಕೊಟ್ಟ ಬಿಡುವೇನಾದರೂ ಇದ್ದರೆ ಅದೇ. 2025ರಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯಾದ ಟಿಸಿಎಸ್, ಬೆಂಚಿನ ಕಾಲ ವರ್ಷಕ್ಕೆ 35 ದಿನ ಮೀರಬಾರದು, 225 ದಿನವಾದರೂ ಗಿರಾಕಿಗೆ ಬಿಲ್ ಆಗುವ ಕೆಲಸ ಇರಬೇಕು ಎಂದು ನಿಯಮ ಮಾಡಿತು. ಅದೇ ವರ್ಷದ ಜುಲೈನಲ್ಲಿ ತನ್ನ ನೌಕರರಲ್ಲಿ ಸುಮಾರು ಶೇ. 2ರಷ್ಟು, ಅಂದರೆ ಹನ್ನೆರಡು ಸಾವಿರದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಎಂದೂ ಹೇಳಿತು. ಟಾಟಾ ಹೆಸರು ಅಂದರೆ ಸರ್ಕಾರಿ ಕೆಲಸದಷ್ಟೇ ಗಟ್ಟಿ ಎಂದು ನಂಬಿ ಕಡಿಮೆ ಸಂಬಳಕ್ಕೂ ಅಲ್ಲೇ ಉಳಿದವರು ಎಷ್ಟೋ ಜನ. ಅವರು ಬೆಳವಣಿಗೆ ಬಿಟ್ಟು ಭದ್ರತೆ ಕೊಂಡಿದ್ದರು. ಕೊಂಡದ್ದು ಕೈಗೆ ಬರಲಿಲ್ಲ.

ಐಟಿ ನೌಕರರ ಸಂಬಳ ಚೆನ್ನಾಗಿದೆ, ಆ ಸಂಬಳದಲ್ಲೇ ಅಭದ್ರತೆಯ ಬೆಲೆಯೂ ಸೇರಿದೆ, ಉಳಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು ಎಂದು ಹೇಳುವವರ ಮಾತು ಮೊದಲ ಓದಿಗೆ ಸರಿಯೆನಿಸುತ್ತದೆ. ಆದರೆ ಆ ಸಂಬಳ ಹೋದದ್ದು ಎಲ್ಲಿಗೆ ಎಂದು ನೋಡಬೇಕು. ಎಚ್‌ಎಎಲ್ ನೌಕರನಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಬಸ್ಸು ಸಂಬಳದ ಹೊರಗೆ ಸಿಗುತ್ತಿದ್ದವು. ಇವತ್ತಿನ ನೌಕರ ಅವೆಲ್ಲವನ್ನೂ ಸಂಬಳದೊಳಗಿಂದಲೇ ಕೊಳ್ಳುತ್ತಾನೆ, ಅದೂ ತನ್ನದೇ ಉದ್ಯಮ ಏರಿಸಿದ ಬೆಲೆಯಲ್ಲಿ. ಇಪ್ಪತ್ತು ವರ್ಷದ ಗೃಹಸಾಲ ತೀರಲು ಇಪ್ಪತ್ತು ವರ್ಷದ ಕೆಲಸ ಬೇಕು. ಬ್ಯಾಂಕು ಸಾಲ ಕೊಡುವಾಗ ಕಾಯಂ ಕೆಲಸವನ್ನೇ ಊಹಿಸಿಕೊಳ್ಳುತ್ತದೆ, ಕಂಪನಿ ಕೆಲಸ ಕೊಡುವಾಗ ಅದನ್ನು ಊಹಿಸುವುದಿಲ್ಲ. ನಡುವಿನ ಆ ಸಂದಿನಲ್ಲಿ ಸಿಕ್ಕಿಕೊಂಡಿರುವುದು ನಲವತ್ತರ ತಲೆಮಾರು. ಕೃತಕ ಬುದ್ಧಿಮತ್ತೆ ಕಲಿಯಿರಿ ಎಂಬ ಸಲಹೆಯೂ ಅರ್ಧ ಮಾತು. ಕಲಿಯಲೇಬೇಕು, ಅನುಮಾನವಿಲ್ಲ. ಆದರೆ ಕಲಿತದ್ದನ್ನು ಬಳಸುವ ಪ್ರಾಜೆಕ್ಟ್ ಯಾರಿಗೆ ಸಿಗಬೇಕು ಎಂಬ ನಿರ್ಧಾರ, ಮನಕಾಪುರದ ನಿರ್ಧಾರದ ಹಾಗೆಯೇ, ಕಲಿತವನ ಕೈಯಲ್ಲಿಲ್ಲ.

ಆದ್ದರಿಂದ ನಲವತ್ತರಲ್ಲಿ ಕೇಳಿಕೊಳ್ಳಬೇಕಾದದ್ದು ಇರೋದೋ ಬಿಡೋದೋ ಎಂಬುದಕ್ಕಿಂತ ಮುಂಚಿನ ಪ್ರಶ್ನೆ: ಈ ಕೆಲಸವನ್ನು ಎತ್ತಿಹಿಡಿದಿರುವುದು ಯಾವುದು, ಎಷ್ಟು ಗಿರಾಕಿಗಳು, ಯಾವ ತಂತ್ರ? ಒಂದೇ ಗಿರಾಕಿ, ಒಂದೇ ಹಳೆಯ ತಂತ್ರದ ಮೇಲೆ ನಿಂತ ಕೆಲಸ ಎಷ್ಟು ನೆಮ್ಮದಿಯದ್ದೆಂದು ಕಂಡರೂ ಅದು ದೂರವಾಣಿನಗರದ ನೆಮ್ಮದಿ. ಹೊಸದನ್ನು ಮಾಡುತ್ತಲೇ ಕಲಿಸುವ ಕೆಲಸ ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅದರಲ್ಲಿ ಭದ್ರತೆಯೂ ಬೆಳವಣಿಗೆಯೂ ಎರಡೂ ಇವೆ. ಆದರೆ ಇಷ್ಟನ್ನು ವ್ಯಕ್ತಿಯೊಬ್ಬ ಮಾಡಿಕೊಳ್ಳಬಹುದು, ಉಳಿದದ್ದನ್ನು ಒಬ್ಬನೇ ಮಾಡಿಕೊಳ್ಳಲಾರ. ಹಳೆಯ ಕಾರ್ಖಾನೆಯ ನೌಕರನ ಬೆನ್ನಿಗೆ ಎರಡು ಆಸರೆ ಇದ್ದವು: ಯೂನಿಯನ್ ಮತ್ತು ಸ್ಥಾಯಿ ಆದೇಶ. 1946ರ ಕೈಗಾರಿಕಾ ಉದ್ಯೋಗ ಕಾಯ್ದೆಯ ಪ್ರಕಾರ ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ಕೆಲಸದಿಂದ ತೆಗೆಯುವ ವಿಧಾನ ಎಲ್ಲವನ್ನೂ ಬರೆದು, ಕಾರ್ಮಿಕರ ಮಾತನ್ನೂ ಕೇಳಿ, ಸರ್ಕಾರಿ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕಿತ್ತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಇದರಿಂದ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು, 2019ರಲ್ಲಿ ಅದನ್ನು ಮುಂದುವರಿಸಿತು, 2024ರಲ್ಲಿ ಮತ್ತೆ ಮುಂದುವರಿಸಿತು. ಪ್ರತಿಯಾಗಿ ಕಂಪನಿಗಳು ದೂರು ಪರಿಹಾರ ಸಮಿತಿ ರಚಿಸಬೇಕು, ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. 2017ರಲ್ಲಿ ಐಟಿ ನೌಕರರು ತಮ್ಮದೇ ಯೂನಿಯನ್ ಕಟ್ಟಿಕೊಂಡರು. 2024ರಲ್ಲಿ ದಿನದ ದುಡಿಮೆಯನ್ನು ಹದಿನಾಲ್ಕು ಗಂಟೆಯವರೆಗೆ ಏರಿಸುವ ಪ್ರಸ್ತಾವ ಬಂದಾಗ ಅದನ್ನು ಬೀದಿಗಿಳಿದು ವಿರೋಧಿಸಿದ್ದು ಆ ಯೂನಿಯನ್. ವಿನಾಯಿತಿ ತೆಗೆದರೆ ಕಂಪನಿಗಳು ಹೈದರಾಬಾದಿಗೆ ಹೋಗುತ್ತವೆ ಎಂದು ಹೆದರಿಸುವವರಿದ್ದಾರೆ. ಕಂಪನಿಗಳು ಬೆಂಗಳೂರಿಗೆ ಬಂದದ್ದು ಇಲ್ಲಿ ಪಳಗಿದ ಜನ ಇದ್ದಾರೆ ಎಂದು, ಆ ಜನರನ್ನು ಪಳಗಿಸಿದ್ದು ಕಾಯಂ ಕೆಲಸ ಕೊಟ್ಟ ಕಾರ್ಖಾನೆಗಳ ಊರು. ಲಿಖಿತ ನಿಯಮದಂತೆ ನಡೆದುಕೊಳ್ಳಿ ಎಂದರೆ ಓಡಿಹೋಗುವ ಕಂಪನಿ ಇಲ್ಲಿದ್ದೂ ನಡುವಯಸ್ಸಿನವರ ಕೈಹಿಡಿಯುವುದಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸ್ಥಾಯಿ ಆದೇಶದ ಅಧ್ಯಾಯ ಇದೆ. ಕರ್ನಾಟಕ ಸರ್ಕಾರ ಐಟಿ ಉದ್ಯಮವನ್ನು ಅದರಿಂದ ಹೊರಗಿಡುವುದನ್ನು ನಿಲ್ಲಿಸಬೇಕು, ಮತ್ತು ಅದನ್ನು ಕೇಳುವವರಲ್ಲಿ ಕೆಲಸ ಕಳೆದುಕೊಂಡವರು ಮಾತ್ರವಲ್ಲ, ಇವತ್ತು ಗಟ್ಟಿಯಾಗಿ ಕೂತಿರುವವರೂ ಇರಬೇಕು.